ಒಲೆಯ ಮುಂದೆ ಆದ ಸಹಿ

ಇವತ್ತು ಗೋಕಾಕದ ಕೋರ್ಟಿನ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಯಾರೋ ರಬ್ಬರ್ ಶಿಕ್ಕೆಯ ಮಸಿ ಡಬ್ಬಿ ತೆರೆದರು. ಆ ನೇರಳೆ ಮಸಿಯ ವಾಸನೆ ಬಂದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಯಾಕೆಂದು ಹೇಳಿದರೆ ನೀವು ನಗುತ್ತೀರಿ. ನಗಿರಿ, ಪರವಾಗಿಲ್ಲ.

ಅದೇ ಸಾಲಿನಲ್ಲಿ ಹಿಂದೆ ನೋಟರಿ ಕಾಕಾ ಕೂರುತ್ತಿದ್ದರು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ವಕೀಲರಾದರೂ ವಾದ ಮಾಡಿದ್ದು ಕಡಿಮೆ. ಅಫಿಡವಿಟ್ಟಿಗೆ ಶಿಕ್ಕೆ ಒತ್ತುವುದೇ ಅವರ ಅಧಿಕಾರ. ಸಹಿ ಮಾಡುವವರು ಎದುರಿಗೆ ಬರಬೇಕು, ಕಾಗದ ಓದಿ ತಿಳಿಸಬೇಕು, ಸ್ವಂತ ಖುಷಿಯಿಂದ ಮಾಡುತ್ತೀರಾ ಎಂದು ಕೇಳಬೇಕು. ಎಲ್ಲ ನೋಟರಿಗಳ ಕರ್ತವ್ಯವೂ ಇದೇ. ಕಾಕಾ ಅದನ್ನು ಖರೆ ಎಂದೇ ನಂಬಿಬಿಟ್ಟಿದ್ದರು, ನನಗೆ ತೊಂದರೆಯಾದದ್ದು ಅಲ್ಲೇ.

ಅಪ್ಪ ತೀರಿಕೊಂಡ ವರ್ಷ. ಬೆಲ್ಲದ ಬಾಗೇವಾಡಿಯ ಹೊಲವನ್ನು ನನ್ನೊಬ್ಬನ ಹೆಸರಿಗೆ ಮಾಡಿಸಲು, ತನ್ನ ತಕರಾರಿಲ್ಲವೆಂದು ಅಕ್ಕ ಬರೆದುಕೊಡಬೇಕಿತ್ತು. ನಮ್ಮ ಕಡೆ ಅಕ್ಕತಂಗಿಯರು ಇಂಥದ್ದಕ್ಕೆ ಸಹಿ ಮಾಡಿಯೇ ಮಾಡುತ್ತಾರೆ. ಏನು ಎತ್ತ ಎಂದು ಕೇಳುವ ಪದ್ಧತಿಯಿಲ್ಲ. ನಾನು ಮೂಡಲಗಿಗೆ, ಅವಳ ಗಂಡನ ಮನೆಗೆ ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. “ಎಲ್ಲಿ ಮಾಡ್ಲೋ?” ಎಂದಷ್ಟೇ ಕೇಳಿ, ಹಿಟ್ಟಿನ ಕೈಯಿಂದಲೇ ಸಹಿ ಹಾಕಿದಳು. ನಾನು ಎರಡು ಬಿಸಿ ರೊಟ್ಟಿ ತಿಂದು, ಮಹಾ ಶಾಣ್ಯಾನಂತೆ ಬಸ್ಸು ಹತ್ತಿದೆ.

ಕಾಕಾ ಕಾಗದದ ಮೇಲೆ ಬೆರಳು ಸವರಿ ನೋಡಿದರು. “ಇದು ಒಲಿ ಮುಂದ ಆದ ಸಹಿ ಐತಿ, ನನ್ನ ಮುಂದ ಆಗಿಲ್ಲ. ಅಕ್ಕನ್ನ ಕರಕೊಂಡು ಬರ್ರಿ.”

ಮರುದಿನ ಅಕ್ಕ ಬಂದಳು. ಕಾಕಾ ನನ್ನನ್ನು ಹೊರಗೆ ಕಳಿಸಿದರು. ನಡುವೆ ಒಂದು ಪರದೆ ಮಾತ್ರ.

“ತಂಗಿ, ಇದಕ್ಕ ಸಹಿ ಮಾಡಿದ್ರ ಹೊಲದಾಗಿನ ನಿನ್ನ ಪಾಲು ಬಿಟ್ಟಂಗ. ಖುಷಿಲೆ ಬಿಡಾಕತ್ತಿಯೇನವ್ವಾ?”

ಅಕ್ಕ ಮೆಲ್ಲಗೆ, “ಸಹಿ ಮಾಡಲಿಲ್ಲಂದ್ರ ಪಂಚಮಿಗೆ ತವರಿಗೆ ಕರಿಯೂದಿಲ್ಲಲ್ಲರಿ ಕಾಕಾ,” ಎಂದಳು.

“ಹಂಗಾರ ನನಗ ಶಿಕ್ಕಾ ಒತ್ತಾಕ ಬರೂದಿಲ್ಲವ್ವಾ.”

ಬೇರೆ ನೋಟರಿ ಹತ್ತು ಹೆಜ್ಜೆಯಲ್ಲೇ ಇದ್ದರು. ಆ ಹತ್ತು ಹೆಜ್ಜೆ ಹಾಕಲು ನನ್ನಿಂದಾಗಲಿಲ್ಲ. ಕರೆಯುವುದಿಲ್ಲ ಎಂದು ನಾನೆಂದೂ ಅಂದಿರಲಿಲ್ಲ. ಕರೆಯುತ್ತೇನೆ ಎಂದೂ ಅಂದಿರಲಿಲ್ಲ. ಹೊಲ ಇಬ್ಬರ ಹೆಸರಿಗೂ ಆಯಿತು. ಅಂದಿನಿಂದ ಪ್ರತಿ ಪಂಚಮಿಗೂ ನಾನೇ ಹೋಗಿ ಕರೆತರುತ್ತೇನೆ.

ಕಾಕಾ ಈಗಿಲ್ಲ. ಈ ಸಲದ ಪಂಚಮಿ ಹತ್ತಿರ ಬಂದಿದೆ. ಝೆರಾಕ್ಸ್ ಅಂಗಡಿಯ ಮುಂದೆ ನಿಂತೇ ಅಕ್ಕನಿಗೆ ಫೋನು ಹಚ್ಚಿದೆ.

“ಅಕ್ಕಾ, ನಾಳೆ ಬರ್ತೇನಿ.”

“ಬಾರಪ್ಪಾ,” ಎಂದಳು. ಫೋನಿಡುವ ಮೊದಲು ಕೇಳಿದಳು, “ಸಹಿ ಏನರ ಬೇಕಾಗಿತ್ತೇನೋ?”