ತುಟಿ ಸೋಂಕದ ಹುಟ್ಟುಹಬ್ಬ

ನಮಗೆ ಅಕ್ಷರಗಳನ್ನು ಕರುಣಿಸಿದ ಪರಶಿವನಿಗೆ ಮೊದಲ ನಮಸ್ಕಾರ. ಯಾವ ಅಕ್ಷರ ಗಂಟಲಲ್ಲಿ ಹುಟ್ಟುತ್ತದೆ, ಯಾವುದು ನಾಲಗೆಯ ತುದಿಯಲ್ಲಿ, ಯಾವುದು ತುಟಿಗಳ ನಡುವೆ ಎಂಬುದನ್ನು ಮಠದ ಪಾಠಶಾಲೆಯಲ್ಲಿ ತಿದ್ದಿ ಕಲಿಸಿದ ಗುರುಗಳ ಪಾದಗಳಿಗೆ ಅದರ ಮುಂದಿನದು. ನನ್ನ ತಮ್ಮನನ್ನು ಹೊಲದಿಂದ ಕಂಬಳಿಯಲ್ಲಿ ಹೊತ್ತು ತಂದವರಿಗೂ ಅವನ ಪ್ರಾಣವನ್ನು ಹಿಡಿದು ನಿಲ್ಲಿಸಿದ ವೈದ್ಯರಿಗೂ ನಾನು ಋಣಿ. ಅವರನ್ನು ನೆನೆಯದೆ ಈ ಪ್ರಸಂಗವನ್ನು ಬರೆಯತೊಡಗುವುದು ನನಗೆ ಸಲ್ಲದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಹಂದನಕೆರೆಯ ಕಡೆಯ ಶಾಲೆಯೊಂದರಲ್ಲಿ ನಾನು ಕನ್ನಡ ಪಂಡಿತನಾಗಿದ್ದೆ; ತೋಟ ಹೊಲಗಳನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ತಮ್ಮನಿಗೆ ಐದು ವರ್ಷದ ಒಬ್ಬಳೇ ಮಗಳು. ಕೊಬ್ಬರಿ ಮಾರಲು ತಿಪಟೂರಿಗೆ ಹೋಗಿದ್ದವನು ಹಿಂತಿರುಗುವಾಗ, ಕಿಬ್ಬನಹಳ್ಳಿಯಲ್ಲಿ ಬಸ್ಸು ನಿಂತ ಹೊತ್ತಿನಲ್ಲಿ, ಅವಳಿಗೆಂದು ಒಂದು ಚಿತ್ರಪುಸ್ತಕ ಕೊಂಡು ತಂದಿದ್ದ. ಮರಿಕರಡಿಯೊಂದರ ಹುಟ್ಟುಹಬ್ಬದ ಕಥೆ ಅದು. ಬೆಳಗ್ಗೆ ಎದ್ದ ಮರಿಯನ್ನು ಯಾರೂ ಮಾತಾಡಿಸುವುದಿಲ್ಲ, ಅಮ್ಮನೂ ಗುಹೆಯಲ್ಲಿಲ್ಲ, ಅದು ಬಾಗಿಲಲ್ಲಿ ಕೂತು ಅಳುತ್ತದೆ. ಕೊನೆಗೆ ಅಮ್ಮ ಜೇನು ಹೊತ್ತು ಬರುತ್ತಾಳೆ. ಅವಳ ಹಿಂದೆ ಮೊಲ, ಮಂಗ, ನವಿಲುಗಳ ಸಾಲು. ಊಟವಾದ ಮೇಲೆ ತಮ್ಮನು ಜಗಲಿಯಲ್ಲಿ ಅದನ್ನು ಓದಬೇಕು, ಮಗಳು ತೊಡೆಯ ಮೇಲೆ ಕೂತು ಕೇಳಬೇಕು. ಇದು ಮನೆಯ ನಿತ್ಯವಿಧಿಗಳಲ್ಲಿ ಒಂದಾಗಿಹೋಯಿತು. ಒಂದು ಪದ ಹಾರಿಸಿದರೂ ಅವಳು ಬಿಡುತ್ತಿರಲಿಲ್ಲ.

ಅವರೆ ಹೂಬಿಟ್ಟ ಕಾಲದಲ್ಲಿ ಒಂದು ಮುಂಜಾನೆ ತಮ್ಮನು ಗುಡ್ಡದ ಬುಡದ ಹೊಲಕ್ಕೆ ಹೋದ. ಬೇಲಿಯ ಲಾಂಟಾನದ ಮರೆಯಲ್ಲಿ ಕರಡಿ ಹುತ್ತ ಕೆದಕುತ್ತಿತ್ತು. ಅವನು ಮೊದಲು ಕಂಡದ್ದು ಮರಿಯನ್ನು. ತಾಯಿಯನ್ನು ಕಾಣುವಷ್ಟರಲ್ಲಿ ಅದು ಅವನ ಮೇಲಿತ್ತು. ಒಂದು ಕಣ್ಣು, ಮೂಗಿನ ಬಹುಭಾಗ, ಮೇಲಿನ ತುಟಿ ಪೂರ್ತಿಯಾಗಿ ಹೋದವು. ಊರವರು ಅಂದೇ ತಮಟೆ, ಪಂಜು, ಭರ್ಜಿಗಳೊಡನೆ ಗುಡ್ಡವನ್ನು ಸುತ್ತುವರಿದು ತಾಯಿಕರಡಿಯನ್ನು ಕೊಂದರು. ಮರಿ ಏನಾಯಿತೆಂದು ಯಾರಿಗೂ ತಿಳಿಯಲಿಲ್ಲ.

ತಮ್ಮನು ಆಸ್ಪತ್ರೆಯಲ್ಲಿದ್ದಷ್ಟು ಕಾಲವೂ ಮಗು ಪುಸ್ತಕ ಕೇಳುತ್ತಿತ್ತು. "ಆ ಪೀಡೆ ಮಾತು ಎತ್ತಬ್ಯಾಡ ಕಣೇ!" ಎಂದು ತಮ್ಮನ ಹೆಂಡತಿ, ನನ್ನ ನಾದಿನಿ, ಗದರಿ, ಪುಸ್ತಕವನ್ನು ಅಟ್ಟದ ಮೇಲೆ, ಕೊಬ್ಬರಿಗೆಂದು ಬಿಟ್ಟ ಕಾಯಿಗಳ ನಡುವೆ ಎಸೆದಿದ್ದಳು.

ಹೊಲಿಗೆಗಳು ಮಾಗಿದ ಮೇಲೆ ಅವನನ್ನು ಮನೆಗೆ ಕರೆತಂದೆವು. ಮಗು ನೋಡಿತು, ತಾಯಿಯ ಸೆರಗಿನೊಳಗೆ ಮುಖ ಹುದುಗಿಸಿ, "ಇವ್ರು ಯಾರವ್ವ? ಅಪ್ಪ ಯಾವಾಗ ಬತ್ತಾನೆ?" ಎಂದಿತು. ತಮ್ಮ "ಮಗಳೇ" ಎನ್ನಲು ಬಾಯಿ ತೆರೆದ. ಬರಿಯ ಗಾಳಿ ಹೊರಟಿತು.

ಅಂದಿನಿಂದ ಅವನು ಮುಖಕ್ಕೆ ಟವೆಲು ಸುತ್ತಿಕೊಂಡ. ಉಣ್ಣುವುದು ಒಬ್ಬನೇ, ಕೂರುವುದು ಗೋಡೆಗೆ ಮುಖ ಮಾಡಿ. ನೋಡಲು ಬಂದ ನೆರೆಮನೆಯ ಅಜ್ಜಿಯೊಬ್ಬಳು, "ಶಿವ ಜೀವ ಉಳ್ಸವ್ನೆ ಕಣಪ್ಪ, ಮುಖ ಹೋದ್ರೆ ಹೋಯ್ತು ಬುಡು" ಎಂದಾಗ, "ಕನ್ನಡಿ ಒಡೆದ್ರೆ ಸರಿಹೋಯ್ತದೆ ಕಣಜ್ಜಿ" ಎಂದು ನಕ್ಕ. ಆ ನಗೆಯನ್ನು ಕೇಳಿ ಅಜ್ಜಿ ಎದ್ದುಹೋದಳು. ಸಂಜೆಗಳಲ್ಲಿ ಅವನು ಬಾವಿಕಟ್ಟೆಯ ಮೇಲೆ, ಕಾಲುಗಳನ್ನು ಒಳಗೆ ಇಳಿಬಿಟ್ಟು ಕೂರತೊಡಗಿದ. ಮಗಳು ಒಮ್ಮೆ ಅಪ್ಪ ಎನ್ನದಿದ್ದರೆ ಇವನು ನಮಗೆ ಉಳಿಯುವುದಿಲ್ಲವೆಂದು ನನಗೆ ಖಚಿತವಾಯಿತು.

ಒಂದು ದಿನ ತಾನಾಗಿಯೇ ಕೇಳಿದ: "ಆ ಕರಡಿ ಕಥೆ ಎಲ್ಲಣ್ಣ?"

ನಾದಿನಿ ಒಳಗಿನಿಂದಲೇ ಕೂಗಿದಳು: "ಮುಖ ತಿಂದಿದ್ದು ಸಾಲ್ದಾ? ಒಲೆಗೆ ಹಾಕ್ತೀನಿ ಅದನ್ನ!"

"ಅದಕ್ಕೂ ಕೂಸಿತ್ತು ಕಣೇ," ಎಂದ ತಮ್ಮ. "ಆ ಕೂಸಿಗೆ ಈಗ ಯಾರೂ ಇಲ್ಲ."

ಅವಳು ಅಟ್ಟ ಹತ್ತಿ ಪುಸ್ತಕ ತಂದುಕೊಟ್ಟಳು. ಅವನು ಓದಲು ತೊಡಗಿ ಮೊದಲ ಸಾಲಿನಲ್ಲೇ ನಿಂತ. ಮರಿ, ಅಮ್ಮ, ಹುಟ್ಟುಹಬ್ಬ: ಅವನಿಗೆ ಬೇಕಾದ ಪದಗಳೆಲ್ಲ ತುಟಿಯವೇ. ಪುಸ್ತಕ ಮುಚ್ಚಿ ನನ್ನ ಕಡೆ ತಳ್ಳಿದ.

ತುಟಿಗಳು ಒಂದನ್ನೊಂದು ಸೋಂಕದಂತೆ ಪದ್ಯ ಕಟ್ಟುವುದು ನಮ್ಮ ಹಿಂದಿನ ಕವಿಗಳ ಒಂದು ಚಮತ್ಕಾರ. ನಿರೋಷ್ಠ್ಯವೆಂದು ಅದರ ಹೆಸರು. ಪಾಠಶಾಲೆಯಲ್ಲಿ ಪಂಥಕ್ಕೆಂದು ನಾವು ಅದನ್ನು ಕಟ್ಟುತ್ತಿದ್ದೆವು. ಶಾಸ್ತ್ರದಂತೆ ಉಕಾರವೂ ತುಟಿಯದೇ; ಆದರೆ ತಮ್ಮನ ಬಾಯಲ್ಲಿ ಅದು ಹೇಗೋ ಹೊರಡುತ್ತಿತ್ತು. ಪಕಾರದಿಂದ ಮಕಾರದವರೆಗಿನ ಐದನ್ನು ಬಿಟ್ಟರೆ ಸಾಕಾಗಿತ್ತು. ಪೂಜೆ ಮುಗಿಸಿ ಕೂತು, ಪುಟಪುಟವನ್ನೂ ಬೇರೆ ಪದಗಳಲ್ಲಿ ಬರೆದು, ಅಚ್ಚಿನ ಸಾಲುಗಳ ಮೇಲೆ ಗಂಜಿಯಿಂದ ಚೀಟಿ ಅಂಟಿಸಿದೆ. ಮರಿ ಕೂಸಾಯಿತು, ಅಮ್ಮ ತಾಯಿಯಾದಳು, ಮಂಗ ಕೋತಿಯಾಯಿತು. ಮೊಲ ಮಾತ್ರ ಬಹಳ ಕಾಡಿತು. ಚಿತ್ರದಲ್ಲಿ ಎರಡು ಕಿವಿ ನಿಗುರಿಸಿ ನಿಂತಿದ್ದ ಅದನ್ನು ಅಳಿಲೆನ್ನುವಂತಿರಲಿಲ್ಲ. ಬೇರೆ ದಾರಿ ಕಾಣದೆ ಸಂಸ್ಕೃತದ 'ಶಶಕ'ವನ್ನು ತಂದು ಕೂರಿಸಿದೆ.

ತಮ್ಮನು ಜಗಲಿಯಲ್ಲಿ ಗೋಡೆಯ ಕಡೆ ತಿರುಗಿ ಕೂತು ಓದಿದ. "ಇಂದು ಕರಡಿಯ ಕೂಸು ಹುಟ್ಟಿದ ದಿನ. ತಾಯಿ ಎಲ್ಲಿ? ತಾಯಿ ಇಲ್ಲ." ಅವನ ಹಳೆಯ ದನಿಯೇ ಅದು. ಒಳಗೆ ಆಡುತ್ತಿದ್ದ ಮಗು ಬಾಗಿಲವಾಡದ ಬಳಿ ಬಂದು ನಿಂತಿತು. ಅವನಿಗೆ ಅದು ತಿಳಿದಿತ್ತು. "ತಾಯಿ ಜೇನು ತಂದಳು. ಶಶಕ, ಕೋತಿ, ನವಿಲು ಎಲ್ಲ ನೆರೆದರು..."

"ಶಶಕ ಅಲ್ಲ!" ಬಾಗಿಲಿನಿಂದ ಕೋಪದ ದನಿ ಬಂತು. "ಅದು ಮೊಲ. ಮೊಲ ಅನ್ನು ಅಪ್ಪ!"

ತಮ್ಮ ಟವೆಲು ಬಿಚ್ಚಿ, ಪೂರ್ತಿಯಾಗಿ ಅವಳ ಕಡೆ ತಿರುಗಿದ.

"ನೀನೇ ಅನ್ನು ಕೂಸೇ. ನನಗೆ ತುಟಿ ಇಲ್ಲ."

ಮಗು ನೋಡಿತು. ಮುಖ ಕಿವುಚಿ, ಉಸಿರು ಕಟ್ಟಿ, ಗಟ್ಟಿಯಾಗಿ ಅಳತೊಡಗಿತು. ಓಡಿಬಂದ ನಾದಿನಿಯನ್ನು ನಾನು ಕೈಯಡ್ಡ ಹಿಡಿದು ತಡೆದೆ. ಓಡಿಹೋಗದೆ, ಹತ್ತಿರಕ್ಕೂ ಬಾರದೆ, ಬಾಗಿಲವಾಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಅಳುವಿನ ನಡುವೆಯೇ ಅದು ಹೇಳಿತು: "ಮೊಲ."

ಅಂದು ಅವಳು ತೊಡೆಯೇರಲಿಲ್ಲ. ಆ ಬೇಸಿಗೆ ಮುಗಿಯುವವರೆಗೂ ಏರಲಿಲ್ಲ. ರಾತ್ರಿ ಬೆಚ್ಚಿಬೀಳುವುದಂತೂ ವರ್ಷಗಳ ಕಾಲ ನಿಲ್ಲಲಿಲ್ಲ. ಆದರೆ ಮರುದಿನ ನನ್ನ ಚೀಟಿಗಳನ್ನೆಲ್ಲ ಉಗುರಿನಿಂದ ಕಿತ್ತುಹಾಕಿದ್ದಳು. ತಮ್ಮನು ಅಚ್ಚಿನ ಸಾಲುಗಳನ್ನೇ ಓದಬೇಕಾಯಿತು. "ಹುಟ್ಟು" ಎಂದು ಅವನು ನಿಲ್ಲಿಸಿದ. ಬಾಗಿಲ ಮರೆಯಿಂದ "ಹಬ್ಬ" ಎಂಬುದು ಬಂತು.

ಆ ಮಗುವಿಗೆ ದೀರ್ಘಾಯುಷ್ಯವಿರಲಿ. ಉಳಿದ ಒಂದು ಕಣ್ಣಿನಿಂದ ಅವಳನ್ನು ಬೆಳೆಸಿದ ನನ್ನ ತಮ್ಮನಿಗೂ, ಕೋಪ ನುಂಗಿ ಅಟ್ಟ ಹತ್ತಿದ ಅವನ ಹೆಂಡತಿಗೂ ಶುಭವಾಗಲಿ. ಭಯದಿಂದ ಭರ್ಜಿ ಹಿಡಿದವರನ್ನು ಶಿವನು ಮನ್ನಿಸಲಿ. ಮರಿಗಾಗಿ ಮೇಲೆರಗಿ ಮಡಿದ ಆ ತಾಯಿಗೆ ಸದ್ಗತಿ ದೊರೆಯಲಿ. ಅದರ ಕೂಸು ಯಾವ ಗುಡ್ಡದಲ್ಲಿ ಅಲೆಯಿತೋ, ಅಲ್ಲಿ ಅದಕ್ಕೆ ನೀರೂ ನೆರಳೂ ಸಿಕ್ಕಿರಲಿ.