ತಲೆಕೆಳಗಾದ ತುಂಡು

ಆ ಗುಡ್ಡದ ಕಲ್ಲಿನ ಹತ್ತಿರ ಅಯಸ್ಕಾಂತ ಹಿಡಿದರೆ ಸಾಕು, ಕೈಯಿಂದ ಕಿತ್ತುಕೊಂಡು ಹೋಗಿ ಅಂಟಿಕೊಳ್ಳುತ್ತಿತ್ತು. ಅಂಥ ಕಪ್ಪು ಕಬ್ಬಿಣದ ಅದಿರು. ಒಳಗೆ ಉಕ್ಕನ್ನು ಗಟ್ಟಿ ಮಾಡುವ ವೆನೇಡಿಯಂ ಲೋಹ ಇದೆಯೆಂದು ಗೊತ್ತಿದ್ದರೂ ಹಳೆಯ ಕಂಪನಿಯವರಿಗೆ ಕಬ್ಬಿಣವೊಂದೇ ಬೇಕಿತ್ತು. ಮೇಲುಮೇಲಿನದನ್ನು ಬಾಚಿಕೊಂಡು, ಆಳದ ಅದಿರು ಕುಲುಮೆಗೆ ಒಗ್ಗುವುದಿಲ್ಲವೆಂದು ಮೂಗು ಮುರಿದು, ಗಂಟುಮೂಟೆ ಕಟ್ಟಿದರು. ಉಳಿದದ್ದು ತಗಡಿನ ಶೆಡ್ಡು, ಅದರ ತುಂಬ ಮರದ ತಟ್ಟೆಗಳು, ತಟ್ಟೆಗಳಲ್ಲಿ ಗುಡ್ಡದ ಹೊಟ್ಟೆಯಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳು, ಅವನ್ನು ಕಾಯುವ ಶೆಡ್ಡಮ್ಮ. ಆ ಹೆಸರಿಟ್ಟವರು ಯಾರೋ ಏನೋ, ಈಗ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ.

ಹರೆಯದಲ್ಲಿ ಅವಳ ಕೆಲಸ ಆ ಕೋಲುಗಳನ್ನು ತೊಳೆದು ಜೋಡಣೆ ನೋಡುವುದು. ನೆಲದೊಳಗೆ ಹೇಗಿತ್ತೋ ತಟ್ಟೆಯಲ್ಲೂ ಹಾಗೇ ಇರಬೇಕು. ಒಂದು ತುಂಡು ತಿರುಗಿದರೂ ಪದರಗಳ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ. ಕೊರೆಯುವ ಮೇಸ್ತ್ರಿ ಮಾತ್ರ ಆಗಾಗ ಒಂದು ತುಂಡನ್ನು ತಲೆಕೆಳಗು ಮಾಡಿಯೇ ಕಳಿಸುತ್ತಿದ್ದ. ಇವಳು ಕರೆಸಿ ಬಾಗಿಲಲ್ಲೇ ನಿಲ್ಲಿಸಿ ಜಾಡಿಸುತ್ತಿದ್ದಳು.

"ಏನ್ರೀ ಮೇಸ್ತ್ರಿ, ಜೋಡಿಸುವಾಗ ಕಣ್ಣು ಎಲ್ಲಿಟ್ಟಿದ್ರಿ?"

"ಇಲ್ಲೇ ಶೆಡ್ಡಲ್ಲಿ ಮರೆತು ಹೋಗಿದ್ದೆ ಕಣ್ರೀ."

ಬೈಸಿಕೊಳ್ಳುವುದಕ್ಕೆಂದೇ ಮಾಡುತ್ತಾನೆ ಎಂಬುದು ಅವಳಿಗೆ ತಿಳಿಯುವಷ್ಟರಲ್ಲಿ ಇಡೀ ಗಣಿಗೆ ತಿಳಿದಿತ್ತು. ಅವಳನ್ನೇ ಮದುವೆಯಾದ ಮೇಲೂ ಚಾಳಿ ಬಿಡಲಿಲ್ಲ. ಮನೆಯಲ್ಲಿ ಬೈಸಿಕೊಂಡದ್ದು ಸಾಲದು ಅನ್ನುವ ಹಾಗೆ ಶೆಡ್ಡಿಗೂ ಬರುತ್ತಿದ್ದ.

ಒಂದು ಸಂಜೆ ಎದೆ ಹಿಡಿದುಕೊಂಡು ಮಷೀನಿನ ಪಕ್ಕದಲ್ಲೇ ಕುಸಿದ. ಮತ್ತೆ ಏಳಲಿಲ್ಲ. ಅವನು ಅಂದು ಜೋಡಿಸಿದ್ದ ತಟ್ಟೆ ಯಾರದೋ ಹೆಗಲೇರಿ ಶೆಡ್ಡಿಗೆ ಬಂತು. ಸೂತಕದ ಮನೆಯಿಂದ ಕೆಲಸಕ್ಕೆ ಮರಳಿದವಳು ಅದನ್ನು ತೊಳೆಯಲು ಕೂತಳು. ನಡುವೆ ಒಂದು ತುಂಡು ತಲೆಕೆಳಗಾಗಿತ್ತು.

ಅವಳು ಅದನ್ನು ಸರಿ ಮಾಡಲಿಲ್ಲ. ಸರಿ ಮಾಡಿದರೆ ಬೈಯಬೇಕು, ಬೈದರೆ ಅವನು ಬರಬೇಕು. ಆ ತಟ್ಟೆಯನ್ನು ಮೂಲೆಗೆ ಸೇರಿಸಿ, ವರ್ಷಗಟ್ಟಲೆ ಧೂಳು ಮಾತ್ರ ಒರೆಸುತ್ತಾ ಬಂದಳು.

ಈಗ ಜಗತ್ತಿಗೆ ಇದ್ದಕ್ಕಿದ್ದ ಹಾಗೆ ವೆನೇಡಿಯಂ ಬೇಕಾಗಿದೆ. ಹೊಸ ಕಂಪನಿಯಿಂದ ಕಲ್ಲಿನ ಶಾಸ್ತ್ರ ಓದಿದ ಹುಡುಗಿಯೊಬ್ಬಳು ಬಂದು ತಟ್ಟೆಗಳನ್ನೆಲ್ಲ ತೆಗೆಸಿ ನೋಡಿದಳು. ಚುರುಕು ಕಣ್ಣಿನವಳು, ಮೂಲೆಯ ತಟ್ಟೆಯ ಮುಂದೆ ನಿಂತೇಬಿಟ್ಟಳು.

"ಅಮ್ಮಾ, ಇದೊಂದು ಉಲ್ಟಾ ಇದೆ. ಪಟ್ಟೆಗಳು ಕೂಡ್ತಾ ಇಲ್ಲ ನೋಡಿ."

"ಇರ್ಲಿ ಬಿಡಮ್ಮ ಅದು."

"ಹಾಗೆ ಬಿಡೋಕಾಗಲ್ಲ ಅಮ್ಮ. ಸರಿ ಮಾಡಿ, ಬರ್ಕೊಂಡು, ಲ್ಯಾಬಿಗೆ ಕಳಿಸ್ಬೇಕು. ಅಲ್ಲಿ ಪುಡಿ ಮಾಡ್ತಾರೆ."

ಶೆಡ್ಡಮ್ಮನ ಮುಖ ನೋಡಿ ಹುಡುಗಿ ತಡೆದಳು. ಕಾರಣ ಕೇಳಿದಳು. ಶೆಡ್ಡಮ್ಮ ಎಲ್ಲವನ್ನೂ ಹೇಳಿದಳು. ಹುಡುಗಿ ಬರೆದುಕೊಳ್ಳುವ ಪುಸ್ತಕ ಮುಚ್ಚಿದಳು.

"ಇದೊಂದು ತುಂಡು ನೀವೇ ಇಟ್ಕೊಳ್ಳಿ ಅಮ್ಮ. ನಾನು ಹೇಗೋ ನಿಭಾಯಿಸ್ತೀನಿ."

ಇಟ್ಟುಕೊಳ್ಳುವ ಆಸೆ ಅವಳಿಗೆ ಇಲ್ಲದಿರಲಿಲ್ಲ. ಆದರೆ ಅದು ಅವನು ಕೊರೆದ ಕಡೆಯ ಕಲ್ಲು. ಒಳಗೇನಿದೆ ಎಂದು ತಿಳಿಯಲೆಂದೇ ಅಷ್ಟು ಬೆವರು ಸುರಿಸಿ ಕೊರೆದಿದ್ದ.

"ಬೇಡಮ್ಮ. ಅವರ ಕೆಲಸ ಅರ್ಧಕ್ಕೆ ನಿಲ್ಲೋದು ಬೇಡ."

ತುಂಡನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿ ಇಟ್ಟಳು. ಮುರಿದ ಬಾಯಿಗಳು ಒಂದಕ್ಕೊಂದು ಕೂತವು, ಕಪ್ಪು ಪಟ್ಟೆ ಈ ತುದಿಯಿಂದ ಆ ತುದಿಗೆ ಓಡಿತು.

"ಏನ್ರೀ," ಎಂದಳು, "ಕಣ್ಣು ಎಲ್ಲಿಟ್ಟಿದ್ರಿ?"

ಹಳೆಯ ಅಭ್ಯಾಸ, ಬಾಗಿಲ ಕಡೆ ನೋಡಿದಳು. ಹುಡುಗಿಯೂ ನೋಡಿದಳು.