ಒಳಜೇಬಿನ ತೂಕ

ತಕ್ಕಡಿಯಣ್ಣ ರಿಪೇರಿ ಮಾಡಿದ ತಕ್ಕಡಿಯ ಮೇಲೆ ನೊಣ ಕೂತರೆ, ಅದು ಉಂಡು ಬಂದಿದೆಯೋ ಉಪವಾಸವಿದೆಯೋ ಹೇಳಬಹುದಿತ್ತಂತೆ. ಹೀಗೆಂದವನು ಅವನೇ, ಆದರೆ ಸುಳ್ಳೆನ್ನಲು ಬೀದಿಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ. ಕೈಚೀಲ ಹಿಡಿದು ಅವನು ಮಾರುಕಟ್ಟೆಯ ಮೂಲೆಯಲ್ಲಿ ಕಾಣಿಸಿಕೊಂಡರೆ ಸಾಕು, ತಟ್ಟೆಯ ಅಂಚಿನಲ್ಲಿ ಹಾಯಾಗಿ ಮಲಗಿದ್ದ ವ್ಯಾಪಾರಿಗಳ ಹೆಬ್ಬೆರಳುಗಳೆಲ್ಲ ದಡಬಡಿಸಿ ಎದ್ದುಬಿಡುತ್ತಿದ್ದವು. ತಟ್ಟೆಯಡಿ ಅಂಟಿಸಿದ ಮೇಣ, ಕೊರೆದು ಟೊಳ್ಳು ಮಾಡಿದ ತೂಕದ ಬಟ್ಟು, ಜಗ್ಗಿದ ಸ್ಪ್ರಿಂಗು, ಯಾವ ಮೋಸವೂ ಅವನಿಗೆ ಹೊಸದಲ್ಲ. ಪರೀಕ್ಷೆ ಮುಗಿಸಿ ಅವನು ಕೊಡುತ್ತಿದ್ದ ತೀರ್ಪು ಒಂದೇ ಮಾತಿನದು: "ಸರಿಯಾಗಿದೆ" ಅಥವಾ "ಕಳ್ಳ." ಎರಡನೆಯದು ತಕ್ಕಡಿಗೋ ಅದರ ಯಜಮಾನನಿಗೋ ಎಂದು ಯಾರೂ ಕೇಳುತ್ತಿರಲಿಲ್ಲ.

ಇಂಥವನ ಜಠರದಲ್ಲಿ ಕ್ಯಾನ್ಸರ್ ಬಂದು ಕೂತಿತು. ಕತ್ತರಿಸಿ ತೆಗೆಯಬಹುದು, ಆದರೆ ತಡೆದುಕೊಳ್ಳುವ ಶಕ್ತಿ ಮೈಯಲ್ಲಿರಬೇಕು ಎಂದ ಸರ್ಜನ್, ಅವನನ್ನು ಆಸ್ಪತ್ರೆಯ ಆಹಾರ ತಜ್ಞೆಯ ಬಳಿ ಕಳಿಸಿದರು. ಅವಳು ಅವನ ಮಗಳಾಗಬಹುದಾದ ವಯಸ್ಸಿನವಳು.

"ಮೊಟ್ಟೆ, ಹಾಲು, ಬೇಳೆ. ಸ್ವಲ್ಪ ಸ್ವಲ್ಪವೇ ಆಗಾಗ ತಗೊಳ್ಳಿ ಯಜಮಾನ್ರೇ. ದಿನಾ ಮೆಟ್ಟಿಲು ಹತ್ತಿ ಇಳೀರಿ."

ಹೇಳುವುದು ಸುಲಭ. ಎರಡು ಚಮಚ ಗಂಜಿ ಒಳಗಿಳಿದರೆ ಅವನಿಗೆ ಊರಿನವರ ಊಟವನ್ನೆಲ್ಲ ಒಬ್ಬನೇ ಉಂಡಂತಾಗುತ್ತಿತ್ತು. ಮುಂದಿನ ವಾರ ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಕೆಳಗಿಳಿಯಿತು.

"ಇನ್ನೂ ಇಳಿದ್ರೆ ಆಪರೇಷನ್ ಮುಂದೆ ಹಾಕಿ ಅಂತ ಹೇಳ್ತೀನಿ," ಎಂದಳು ತಜ್ಞೆ. "ಮೂಗಿಂದ ಸಣ್ಣ ಟ್ಯೂಬ್ ಹಾಕಿ ಕೆಲವು ದಿನ ಆಹಾರ ಕೊಡೋಣ. ಮೈಗೆ ಕಸುವು ಬಂದ ಮೇಲೆ ಮಾಡಿಸೋಣ."

ಅವನ ಕಿವಿಗೆ ಬಿದ್ದದ್ದು "ಮುಂದೆ ಹಾಕಿ" ಎಂಬುದೊಂದೇ. "ಆಮೇಲೆ ನೋಡೋಣ" ಎಂದು ಹೋದ ಗಿರಾಕಿ ತಿರುಗಿ ಬಂದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಸರ್ಜನ್ನರ ಕತ್ತಿಯೂ ಹಾಗೇ ಹೊರಟುಹೋದರೆ?

ಮನೆಗೆ ಬಂದವನೇ ಹೆಂಡತಿಗೆ ಹೇಳಿದ: "ಲೇ, ಬನಿಯನ್ನಿಗೆ ಎರಡು ಒಳಜೇಬು ಹೊಲಿದುಕೊಡೇ. ಗಟ್ಟಿಯಾಗಿರಲಿ."

"ಯಾಕ್ರೀ?"

"ಆಸ್ಪತ್ರೇಲಿ ಜೇಬುಗಳ್ಳರು ಜಾಸ್ತಿ."

"ನಿಮ್ಮ ಜೇಬಲ್ಲಿ ತೂತು ಬಿಟ್ರೆ ಕದಿಯೋಕೆ ಏನಿದೆ?" ಎಂದು ಗೊಣಗುತ್ತಲೇ ಅವಳು ಹಳೇ ಪ್ಯಾಂಟಿನ ಬಟ್ಟೆ ಕತ್ತರಿಸಿ ಹೊಲಿದಳು.

ಮುಂದಿನ ವಾರ ಆ ಜೇಬುಗಳಲ್ಲಿ ಕಬ್ಬಿಣದ ಬಟ್ಟುಗಳನ್ನಿಟ್ಟುಕೊಂಡು ತಕ್ಕಡಿಯಣ್ಣ ಆಸ್ಪತ್ರೆಯ ತೂಕದ ಯಂತ್ರ ಹತ್ತಿದ. ಅಲುಗಾಡಿದರೆ ಸದ್ದಾದೀತೆಂದು ಉಸಿರು ಬಿಗಿಹಿಡಿದ.

"ಭೇಷ್, ಏರಿದೆ! ಏನ್ ತಗೊಂಡ್ರಿ?"

"ಕಬ್ಬಿಣಾಂಶ ಇರೋದು, ತಾಯಿ."

ಅವಳು ನಕ್ಕಳು. ಟ್ಯೂಬಿನ ಮಾತು ಅಲ್ಲಿಗೇ ನಿಂತಿತು. ಅವಳಿಗೆ ಅನುಮಾನವಾದರೂ ಹೇಗೆ ಬರಬೇಕು? ಅವನ ಬೊಜ್ಜು ಮನೆಯ ಯಜಮಾನನಂತೆ ಮುಂದುಗಡೆ ಕೂತೇ ಇತ್ತು. ತೋಳು ತೊಡೆಗಳ ಮಾಂಸ ಮಾತ್ರ ಬಾಡಿಗೆದಾರರಂತೆ ಸದ್ದಿಲ್ಲದೆ ಮನೆ ಖಾಲಿ ಮಾಡುತ್ತಿತ್ತು. ಮೈ ಇಳಿದಂತೆಲ್ಲ ಅವನು ಬಟ್ಟು ಸೇರಿಸಿದ. ಕೊನೆಗೆ ಮೆಟ್ಟಿಲು ಹತ್ತಲು ಅವನಿಗೆ ಆಗದೇ ಹೋದದ್ದು ಕಾಯಿಲೆಯಿಂದಲೋ ಕಬ್ಬಿಣದಿಂದಲೋ, ಅವನಿಗೂ ತಿಳಿಯಲಿಲ್ಲ.

ಆಪರೇಷನ್ ಹೇಳಿದ ದಿನವೇ ಆಯಿತು. ಜಠರದ ಮುಕ್ಕಾಲು ಪಾಲು ಹೋಯಿತು; ಹೋದದ್ದಕ್ಕಿಂತ ಉಳಿದದ್ದೇ ಹೆಚ್ಚು ಕಾಡಿತು. ಕರುಳಿಗೆ ಹಾಕಿದ ಹೊಲಿಗೆ ಕೂಡಿಕೊಳ್ಳದೆ ಸೋರಿತು. ಕಫ ಕೆಮ್ಮಿ ಉಗುಳಲೂ ಎದೆಯಲ್ಲಿ ಕಸುವಿಲ್ಲ. ಇನ್ನೊಮ್ಮೆ ಹೊಟ್ಟೆ ತೆರೆದರು.

ಅವನಿಗೆ ಸರಿಯಾಗಿ ಎಚ್ಚರವಾದಾಗ ತಜ್ಞೆ ಮಂಚದ ಪಕ್ಕ ನಿಂತಿದ್ದಳು.

"ಸ್ಕ್ಯಾನ್ ಈಗ ನೋಡಿದೆ," ಎಂದಳು ಹೆಂಡತಿಗೆ. "ಬೆನ್ನಿನ ಮಾಂಸಖಂಡ ಕರಗಿಹೋಗಿದೆ, ಬರೀ ಕೊಬ್ಬಿದೆ. ಇಂಥ ಮೈಯಲ್ಲಿ ಗಾಯ ಮಾಯೋದು ಕಷ್ಟ. ತೂಕ ಮಾತ್ರ ಅದು ಹೇಗೆ ಏರ್ತಿತ್ತೋ!"

ಹೆಂಡತಿ, ಅವನು ಆಪರೇಷನ್ನಿಗೆ ಮುಂಚೆ ಬಿಚ್ಚಿಕೊಟ್ಟಿದ್ದ ಬಟ್ಟೆಯ ಗಂಟನ್ನು ಮಂಚದಡಿಯಿಂದ ಎಳೆದು, ಬಟ್ಟುಗಳನ್ನು ಒಂದೊಂದಾಗಿ ಸ್ಟೂಲಿನ ಮೇಲಿಟ್ಟಳು.

"ನಮ್ಮನೆಯವರು ತಿಂದದ್ದು ಇದನ್ನೇ ಅಮ್ಮಾ. ಜೇಬು ಹೊಲಿದವಳು ನಾನೇ."

ತಜ್ಞೆ ಒಂದು ಬಟ್ಟನ್ನು ಕೈಗೆತ್ತಿಕೊಂಡಳು. "ಗೊತ್ತಾಗಿದ್ರೆ ಅವತ್ತೇ ಟ್ಯೂಬ್ ಹಾಕ್ತಿದ್ದೆ ಯಜಮಾನ್ರೇ," ಎಂದಳು. "ನಾನಾದ್ರೂ ಒಂದ್ಸಲ ನಿಮ್ಮ ತೋಳು ಮುಟ್ಟಿ ನೋಡ್ಬೇಕಿತ್ತು."

ತಕ್ಕಡಿಯಣ್ಣ ಗೋಡೆಯತ್ತ ತಿರುಗಿದ. ಬದುಕಿಡೀ ಅಂಗಡಿಯವನು ಗಿರಾಕಿಗೆ ಮಾಡುವ ಮೋಸ ಹಿಡಿದಿದ್ದ. ಇಲ್ಲಿ ಅಂಗಡಿಯವನೂ ಅವನೇ, ಗಿರಾಕಿಯೂ ಅವನೇ.

ಟ್ಯೂಬು ಬಂತು, ಈಗ ನೇರ ಕರುಳಿಗೆ. ತಿಂಗಳುಗಟ್ಟಲೆ ಮಲಗಿ ಎದ್ದು ಮನೆಗೆ ಹೋದ. ಕಾಯಿಲೆ ಮರಳದಂತೆ ಕೊಡುವ ಔಷಧ ಇನ್ನೂ ಬಾಕಿಯಿತ್ತು. ತಡವಾದಷ್ಟೂ ಅದರಿಂದ ಪ್ರಯೋಜನ ಕಡಿಮೆ. ಅದಕ್ಕೂ ಮೈಯಲ್ಲಿ ಶಕ್ತಿ ಬೇಕಿತ್ತು.

ಪರೀಕ್ಷೆಯ ದಿನ ಹೆಂಡತಿ ಬಾಗಿಲಲ್ಲೇ ಅವನ ಜೇಬುಗಳನ್ನೆಲ್ಲ ತಡವಿದಳು. ತಜ್ಞೆ ತೂಕದ ಯಂತ್ರದ ಕಡೆ ನೋಡಲೂ ಇಲ್ಲ. ಅವನ ಕೈಗೆ ಮುಷ್ಟಿಯ ಬಲ ಅಳೆಯುವ ಹಿಡಿಯೊಂದನ್ನು ಕೊಟ್ಟು, "ಇದನ್ನ ಬಿಗಿಯಾಗಿ ಹಿಚುಕಿ," ಎಂದಳು. ಅದರ ಮೇಲೊಂದು ಮುಳ್ಳಿತ್ತು.

ಅವನು ಹಿಚುಕಿದ. ಹಲ್ಲು ಕಚ್ಚಿ ಹಿಚುಕಿದ. ಮುಳ್ಳು ನಿದ್ದೆಯಲ್ಲಿ ಮಗ್ಗುಲಾದಂತೆ ಒಂದಿಷ್ಟು ಮಿಸುಕಿ ಬಿದ್ದುಕೊಂಡಿತು.

"ಸ್ಪ್ರಿಂಗ್ ಸಿಕ್ಕಿಕೊಂಡಿರ್ಬೇಕು ತಾಯಿ," ಎಂದು ಅದನ್ನು ತಿರುಗಿಸಿ ನೋಡಿ, ಕಿವಿಯ ಬಳಿ ಹಿಡಿದು ಅಲುಗಾಡಿಸಿ, ಹೆಂಡತಿಗೆ ಕೊಟ್ಟ. "ನೀನು ಹಿಚುಕೇ."

ಅವಳು ಬೇಡವೆಂದು ತಲೆಯಾಡಿಸಿದಳು.

"ಹಿಚುಕೇ, ನೋಡೋಣ."

ಅವಳು ಹಿಚುಕಿದಳು. ಮುಳ್ಳು ಸರ್ರನೆ ಏರಿ ನಿಂತಿತು.

ತಕ್ಕಡಿಯಣ್ಣ ಅದನ್ನೇ ದಿಟ್ಟಿಸಿದ. ಆಮೇಲೆ ಮಾರುಕಟ್ಟೆಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ, "ಸರಿಯಾಗಿದೆ," ಎಂದ.

ಆ ದಿನ ಔಷಧ ಕೊಡಲಿಲ್ಲ. ಹೊರಗೆ ಬೆಂಚಿನ ಮೇಲೆ ಹೆಂಡತಿ ಲೋಟಕ್ಕೆ ಹಾಲು ಬಗ್ಗಿಸಿದಳು. ಅವನು ಎರಡು ಗುಟುಕು ಕುಡಿದ. ಲೋಟ ಹಿಡಿದೇ ಇರಲಾಗದೆ, ಅವಳ ಕೈಗೆ ಕೊಟ್ಟ.